ಹತ್ತು ವರ್ಷವಾದರೂ ಹಾಸಿಗೆ ಒದ್ದೆಯಾಗುತ್ತಿದೆ: ಎಷ್ಟು ಮಕ್ಕಳಿಗೆ ಹೀಗಿರುತ್ತದೆ?

ಪ್ರಶ್ನೆ: ಮದ್ದೂರಿನ ತಾಯಿ

ನಮ್ಮ ಮಗನಿಗೆ ಹೋದ ತಿಂಗಳು ಹತ್ತು ವರ್ಷ ತುಂಬಿತು. ಐದನೇ ತರಗತಿಯಲ್ಲಿದ್ದಾನೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಅವನ ಮೇಷ್ಟ್ರು ಬಹಳ ಆಸಕ್ತಿಯಿಂದ ತಯಾರು ಮಾಡುತ್ತಿದ್ದಾರೆ, ಪರೀಕ್ಷೆಯ ಬಗ್ಗೆ ನಮಗೆ ಚಿಂತೆಯಿಲ್ಲ. ಚಿಂತೆ ಇರುವುದು ಸೀಟು ಸಿಕ್ಕಿದ ಮೇಲಿನ ದಿನಗಳ ಬಗ್ಗೆ. ವಾರದಲ್ಲಿ ನಾಲ್ಕೈದು ರಾತ್ರಿ ಅವನು ಈಗಲೂ ಹಾಸಿಗೆಯಲ್ಲೇ ಮೂತ್ರ ಮಾಡಿಕೊಳ್ಳುತ್ತಾನೆ. ಹುಟ್ಟಿದಾಗಿನಿಂದ ಒಂದು ತಿಂಗಳು ಪೂರ್ತಿ ಒಣ ಹಾಸಿಗೆಯಿಂದ ಎದ್ದಿದ್ದು ನನಗೆ ನೆನಪಿಲ್ಲ.

ನಾವು ಮಾಡದ ಪ್ರಯತ್ನವಿಲ್ಲ. ಸಂಜೆ ಏಳರ ನಂತರ ನೀರು ನಿಲ್ಲಿಸಿದೆವು. ರಾತ್ರಿ ಹನ್ನೊಂದಕ್ಕೊಮ್ಮೆ, ಎರಡಕ್ಕೊಮ್ಮೆ ಎಬ್ಬಿಸಿ ಹಿತ್ತಲಿಗೆ ಕರೆದುಕೊಂಡು ಹೋದೆವು. ಹಿರಿಯರು ಹೇಳಿದಂತೆ ಎಳ್ಳು ಬೆಲ್ಲ ಕುಟ್ಟಿ ಉಂಡೆ ಮಾಡಿ ಕೊಟ್ಟೆವು, ತಾಯಿತ ಕಟ್ಟಿಸಿದೆವು. ಸಿಟ್ಟಿನಲ್ಲಿ ಅವರಪ್ಪ ಎರಡು ಸಲ ಹೊಡೆದದ್ದೂ ಉಂಟು, ಆಮೇಲೆ ಅವರೇ ಊಟ ಬಿಟ್ಟು ಕೂತರು. ಒಬ್ಬ ಡಾಕ್ಟರಿಗೆ ತೋರಿಸಿದಾಗ ಮಗುವಿನ ಮುಖವನ್ನೂ ಸರಿಯಾಗಿ ನೋಡದೆ, ದೊಡ್ಡವನಾದರೆ ತಾನಾಗಿಯೇ ಸರಿಹೋಗುತ್ತದೆ ಎಂದು ಕಳುಹಿಸಿಬಿಟ್ಟರು. ಹೋದ ವಾರ ನಾನು ಐದು ಗಂಟೆಗೇ ಎದ್ದಾಗ ಕಂಡದ್ದು ಇದು: ಅವನು ಕತ್ತಲಲ್ಲೇ ಕೂತು, ಒದ್ದೆಯಾದ ದುಪ್ಪಟಿಯನ್ನು ಒಣಗಿರುವ ಭಾಗ ಮೇಲೆ ಬರುವ ಹಾಗೆ ನಿಧಾನವಾಗಿ ಮಡಿಸುತ್ತಿದ್ದ. ನಾನು ನೋಡಿದ್ದು ಅವನಿಗೆ ಗೊತ್ತಾಗಬಾರದೆಂದು ಮತ್ತೆ ಕಣ್ಣು ಮುಚ್ಚಿಕೊಂಡೆ.

ಇನ್ನೊಂದು ವಿಷಯ. ದೊಡ್ಡ ಮಗಳಿಗೆ ಹದಿನಾಲ್ಕು ವರ್ಷ, ಒಂಬತ್ತನೇ ತರಗತಿ. ಅವಳಿಗೆ ರಾತ್ರಿ ಏನೂ ತೊಂದರೆಯಿಲ್ಲ. ಆದರೆ ಬೆಳಿಗ್ಗೆ ಮನೆಯಲ್ಲಿ ಒಂದಕ್ಕೆ ಹೋದರೆ ಮತ್ತೆ ಹೋಗುವುದು ಸಂಜೆ ಐದಕ್ಕೆ ಮನೆಗೆ ಬಂದ ಮೇಲೆಯೇ. ಬ್ಯಾಗನ್ನು ಬಾಗಿಲಲ್ಲೇ ಎಸೆದು ಓಡುತ್ತಾಳೆ, ಕೆಲವು ಸಲ ತಲುಪುವಷ್ಟರಲ್ಲಿ ಸ್ವಲ್ಪ ಸೋರಿರುತ್ತದೆ. ಯುಗಾದಿಯಿಂದೀಚೆಗೆ ಎರಡು ಸಲ ಉರಿಮೂತ್ರ ಬಂದಿತ್ತು, ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ಕೊಟ್ಟಿದ್ದೆವು.

ಈ ಎರಡಕ್ಕೂ ಏನಾದರೂ ಸಂಬಂಧವಿದೆಯೇ? ನಮ್ಮ ಮನೆಯಲ್ಲಿ ಮಾತ್ರ ಹೀಗೋ, ಅಥವಾ ಬೇರೆ ಮಕ್ಕಳಿಗೂ ಇರುತ್ತದೋ? ಮಗನನ್ನು ಹಾಸ್ಟೆಲಿಗೆ ಕಳುಹಿಸಬಹುದೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಮಕ್ಕಳ ವೈದ್ಯ, ಮಂಡ್ಯ

ಅಮ್ಮ, ಎಷ್ಟು ಮಕ್ಕಳಿಗೆ ಎಂಬ ನಿಮ್ಮ ಪ್ರಶ್ನೆಯಿಂದಲೇ ಪ್ರಾರಂಭಿಸುತ್ತೇನೆ, ಏಕೆಂದರೆ ಆ ಉತ್ತರ ನಿಮ್ಮ ಮಗನಿಗೂ ಗೊತ್ತಾಗಬೇಕು. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಂದಿ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾರೆ. ಏಳನೇ ವರ್ಷಕ್ಕೆ ಅದು 5ರಿಂದ 10ಕ್ಕೆ ಇಳಿಯುತ್ತದೆ, ಹತ್ತನೇ ವರ್ಷಕ್ಕೆ ಸುಮಾರು 5 ಆಗುತ್ತದೆ, ಹದಿಹರೆಯ ಮುಗಿಯುವ ಹೊತ್ತಿಗೂ ನೂರಕ್ಕೆ 1ರಿಂದ 2 ಮಂದಿಯಲ್ಲಿ ಉಳಿದಿರುತ್ತದೆ. ತಿಂಗಳಿಗೊಮ್ಮೆ ಆದದ್ದನ್ನೂ ಎಣಿಸಿದರೆ ಸಂಖ್ಯೆ ಏರುತ್ತದೆ, ವಾರಕ್ಕೆ ಎರಡು ರಾತ್ರಿಗಿಂತ ಹೆಚ್ಚು ಎಂದು ಬಿಗಿಮಾಡಿದರೆ ಇಳಿಯುತ್ತದೆ. ಹಾಗಾಗಿ ಬೇರೆ ಬೇರೆ ಕಡೆ ಬೇರೆ ಬೇರೆ ಅಂಕಿ ಕಂಡರೆ ಗಾಬರಿಯಾಗಬೇಡಿ. ನಿಮ್ಮ ಮಗನ ವಯಸ್ಸಿನ ನಲವತ್ತು ಮಕ್ಕಳ ತರಗತಿಯಿದ್ದರೆ ಅದರಲ್ಲಿ ಸರಾಸರಿ ಇಬ್ಬರಿಗೆ ಈ ತೊಂದರೆಯಿರುತ್ತದೆ. ಇಬ್ಬರೂ ಹೇಳಿಕೊಳ್ಳುವುದಿಲ್ಲ, ಎರಡು ಮನೆಯವರೂ ಇದು ತಮ್ಮೊಬ್ಬರ ಕಷ್ಟವೆಂದುಕೊಂಡಿರುತ್ತಾರೆ.

ತಾನಾಗಿಯೇ ಸರಿಹೋಗುತ್ತದೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಚಿಕಿತ್ಸೆಯಿಲ್ಲದೆ ಪ್ರತಿವರ್ಷ ಇಂತಹ ನೂರು ಮಕ್ಕಳಲ್ಲಿ ಸುಮಾರು 15 ಮಂದಿಗೆ ಅದು ನಿಂತುಹೋಗುತ್ತದೆ. ಅಂದರೆ ಉಳಿದ 85 ಮಂದಿ ಇನ್ನೊಂದು ವರ್ಷ ಅದೇ ದುಪ್ಪಟಿಯನ್ನು ಮಡಿಸಬೇಕು. ವಾರದಲ್ಲಿ ಬಹುಪಾಲು ರಾತ್ರಿ ಒದ್ದೆಯಾಗುವ ಮಕ್ಕಳಲ್ಲಿ ಅದು ತಾನಾಗಿ ನಿಲ್ಲುವ ಸಂಭವ ಇನ್ನೂ ಕಡಿಮೆ. ಹತ್ತು ವರ್ಷದ ಹುಡುಗನಿಗೆ, ಅದೂ ಹಾಸ್ಟೆಲಿನ ಮಾತು ಬಂದಿರುವಾಗ, ಕಾಯಿರಿ ಎನ್ನುವುದು ನನ್ನ ಅಭಿಪ್ರಾಯದಲ್ಲಿ ಸರಿಯಾದ ಸಲಹೆಯಲ್ಲ.

ಕಾರಣ ಸೋಮಾರಿತನವೂ ಅಲ್ಲ, ಹಟವೂ ಅಲ್ಲ. ರಾತ್ರಿ ಹೊತ್ತು ಮಿದುಳಿನಿಂದ ವಾಸೊಪ್ರೆಸಿನ್ ಎಂಬ ಹಾರ್ಮೋನ್ ಹೆಚ್ಚು ಬಂದು ಮೂತ್ರಪಿಂಡಗಳಿಗೆ ಕಡಿಮೆ ಮೂತ್ರ ತಯಾರಿಸಲು ಹೇಳಬೇಕು, ಕೆಲವು ಮಕ್ಕಳಲ್ಲಿ ಈ ಏರಿಕೆ ಸಾಕಷ್ಟು ಆಗುವುದಿಲ್ಲ. ಇನ್ನು ಕೆಲವರಲ್ಲಿ ಮೂತ್ರಕೋಶ ತುಂಬುವ ಮೊದಲೇ ಹಿಂಡಿಕೊಳ್ಳುತ್ತದೆ. ಇವೆರಡರಲ್ಲಿ ಯಾವುದಿದ್ದರೂ, ಮೂತ್ರಕೋಶ ಕಳುಹಿಸುವ ಸಂದೇಶಕ್ಕೆ ಎಚ್ಚರವಾಗದಂತಹ ನಿದ್ದೆಯೂ ಜೊತೆಗಿರುತ್ತದೆ. ಅದಕ್ಕೇ ಹೊಡೆದರೂ ಬೈದರೂ ಪ್ರಯೋಜನವಿಲ್ಲ, ನಿದ್ದೆಯಲ್ಲಿರುವ ಮಗುವಿಗೆ ಆ ಬೈಗುಳ ತಲುಪುವುದೇ ಇಲ್ಲ. ವಂಶವಾಹಿಯ ಪಾತ್ರವೂ ದೊಡ್ಡದು. ತಂದೆ ತಾಯಿಯರಲ್ಲಿ ಒಬ್ಬರಿಗೆ ಬಾಲ್ಯದಲ್ಲಿ ಇದ್ದರೆ ಮಕ್ಕಳಿಗೆ ಬರುವ ಸಂಭವ ನೂರಕ್ಕೆ 44ರಷ್ಟು, ಇಬ್ಬರಿಗೂ ಇದ್ದರೆ 77ರಷ್ಟು ಎಂದು ಲೆಕ್ಕ ಹಾಕಲಾಗಿದೆ. ಮನೆಯಲ್ಲಿ ಹಿರಿಯರನ್ನು ಒಮ್ಮೆ ಕೇಳಿ ನೋಡಿ.

ಈಗ ನೀವು ಬರೆಯದೇ ಇರುವ ಒಂದು ಸಂಗತಿಯನ್ನು ನಾನೇ ಕೇಳುತ್ತೇನೆ. ಅವನಿಗೆ ದಿನವೂ ಸಲೀಸಾಗಿ ಮಲವಿಸರ್ಜನೆ ಆಗುತ್ತದೆಯೇ? ಮಲಬದ್ಧತೆಯಿಂದ ದೊಡ್ಡಕರುಳಿನ ಕೊನೆಯಲ್ಲಿ ಗಟ್ಟಿ ಮಲ ತುಂಬಿಕೊಂಡರೆ ಅದು ಮುಂದೆಯೇ ಇರುವ ಮೂತ್ರಕೋಶವನ್ನು ಒತ್ತುತ್ತದೆ, ಅದರಲ್ಲಿ ಹಿಡಿಯುವ ಜಾಗ ಕಡಿಮೆಯಾಗುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಹಿಂಡಿಕೊಳ್ಳುತ್ತದೆ. ಮೂತ್ರದ ತೊಂದರೆಗೆಂದು ಬಂದ ಅನೇಕ ಮಕ್ಕಳಲ್ಲಿ ನಾನು ಮೊದಲು ಚಿಕಿತ್ಸೆ ಮಾಡುವುದು ಹೊಟ್ಟೆಗೆ, ಎಷ್ಟೋ ಮಕ್ಕಳ ರಾತ್ರಿಯ ತೊಂದರೆ ಅಷ್ಟರಿಂದಲೇ ಇಳಿದದ್ದನ್ನು ನೋಡಿದ್ದೇನೆ. ತಂದೆ ತಾಯಿಗೆ ಇದು ತಿಳಿದಿರುವುದಿಲ್ಲ, ಐದು ವರ್ಷ ದಾಟಿದ ಮಗುವಿನ ಕಕ್ಕಸನ್ನು ಯಾರೂ ಗಮನಿಸುವುದಿಲ್ಲ.

ಮಾಡಬೇಕಾದ್ದು ಹೀಗೆ. ಎರಡು ದಿನ ರಜೆ ನೋಡಿಕೊಂಡು, ಅಳತೆಯ ಗುರುತಿರುವ ಪ್ಲಾಸ್ಟಿಕ್ ಜಗ್ಗಿನಲ್ಲಿ ಅವನು ಪ್ರತಿಸಲ ಮಾಡುವ ಮೂತ್ರವನ್ನು ಅಳೆದು ಹೊತ್ತಿನ ಸಮೇತ ಬರೆದಿಡಿ. ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದರೆ ಆ ವಯಸ್ಸಿನ ಮೂತ್ರಕೋಶ ಹಿಡಿಯಬೇಕಾದ ಪ್ರಮಾಣ ಮಿಲಿಲೀಟರಿನಲ್ಲಿ ಬರುತ್ತದೆ, ನಿಮ್ಮ ಮಗನಿಗೆ ಅದು 330. ಯಾವಾಗ ಎಷ್ಟು ನೀರು ಕುಡಿದ, ಯಾವ ದಿನ ಹೊಟ್ಟೆ ಸರಿಯಾಗಿ ಹೋಯಿತು ಎಂಬುದನ್ನೂ ಎರಡು ವಾರ ಬರೆಯಿರಿ. ಇದೊಂದು ಕಾಗದ ಕೈಗೆ ಬಂದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಸಾಮಾನ್ಯವಾಗಿ ಇದರ ಜೊತೆಗೆ ಒಂದು ಮೂತ್ರ ಪರೀಕ್ಷೆ ಸಾಕು, ಎಲ್ಲ ಮಕ್ಕಳಿಗೂ ಸ್ಕ್ಯಾನಿಂಗ್ ಬೇಕಿಲ್ಲ. ನೀರನ್ನು ಸಂಜೆ ಕಟ್ಟಿಹಾಕುವುದಕ್ಕಿಂತ ಹಗಲಿಗೆ ಸರಿಸಿ, ದಿನದ ಬಹುಪಾಲು ನೀರು ಸಂಜೆ ನಾಲ್ಕರೊಳಗೆ ಹೊಟ್ಟೆಗೆ ಹೋಗಲಿ. ಸಂಜೆಯ ಕಾಫಿ, ಟೀ ಬೇಡ. ಎಬ್ಬಿಸಿ ಕರೆದುಕೊಂಡು ಹೋಗುವುದರಿಂದ ಆ ರಾತ್ರಿ ಹಾಸಿಗೆ ಉಳಿಯಬಹುದು, ಆದರೆ ಮಗು ತಾನಾಗಿ ಏಳುವುದನ್ನು ಅದರಿಂದ ಕಲಿಯುವುದಿಲ್ಲ.

ಇಷ್ಟಕ್ಕೂ ಬಗ್ಗದಿದ್ದರೆ ಎರಡು ದಾರಿಗಳಿವೆ. ಒಂದು, ಒಳಚಡ್ಡಿಗೆ ಸಿಕ್ಕಿಸುವ ಅಲಾರಂ. ಮೊದಲ ಹನಿಗೇ ಶಬ್ದ ಮಾಡಿ ಎಬ್ಬಿಸುತ್ತದೆ. ಎರಡು ಮೂರು ತಿಂಗಳು ಮನೆಯವರೆಲ್ಲ ನಿದ್ದೆಗೆಡಬೇಕು, ಪಟ್ಟು ಹಿಡಿದು ಬಳಸಿದವರಲ್ಲಿ ಮೂರರಲ್ಲಿ ಎರಡು ಪಾಲು ಮಕ್ಕಳಿಗೆ ಫಲ ಸಿಗುತ್ತದೆ ಮತ್ತು ಆ ಫಲ ಹೆಚ್ಚಾಗಿ ಉಳಿಯುತ್ತದೆ. ಎರಡನೆಯದು ಡೆಸ್ಮೊಪ್ರೆಸಿನ್ ಎಂಬ ಮಾತ್ರೆ. ಅದು ನಾನು ಮೇಲೆ ಹೇಳಿದ ಹಾರ್ಮೋನಿನ ಕೆಲಸವನ್ನೇ ಮಾಡುತ್ತದೆ, ಬೇಗ ಪರಿಣಾಮ ತೋರಿಸುತ್ತದೆ, ಪ್ರವಾಸ, ಶಿಬಿರ, ಹಾಸ್ಟೆಲ್ ಇಂತಹ ಸಂದರ್ಭಗಳಿಗೆ ಅನುಕೂಲ. ಆದರೆ ನಿಲ್ಲಿಸಿದರೆ ತೊಂದರೆ ಅನೇಕರಿಗೆ ಮರುಕಳಿಸುತ್ತದೆ. ಮಾತ್ರೆ ನುಂಗಿದ ಮೇಲೆ ಬೆಳಗಿನವರೆಗೆ ನೀರು ಕುಡಿಯಬಾರದು, ಕುಡಿದರೆ ರಕ್ತದಲ್ಲಿ ಸೋಡಿಯಂ ಅಪಾಯಕರವಾಗಿ ಇಳಿದು ಫಿಟ್ಸ್ ಬರುವ ಸಾಧ್ಯತೆಯಿದೆ. ಆದ್ದರಿಂದ ಇದನ್ನು ವೈದ್ಯರ ಚೀಟಿಯಿಲ್ಲದೆ ತರಲೇಬಾರದು.

ಮಗಳ ವಿಷಯ ಬೇರೆಯಾದರೂ ಬೇರು ಹತ್ತಿರದ್ದೇ. ಗಂಟೆಗಟ್ಟಲೆ ತಡೆದು ಹಿಡಿಯುವ ಮಕ್ಕಳಲ್ಲಿ ಮೂತ್ರಕೋಶ ಪೂರ್ತಿ ಖಾಲಿಯಾಗುವ ರೂಢಿ ತಪ್ಪುತ್ತದೆ, ಉಳಿದ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆದು ಸೋಂಕಾಗುತ್ತದೆ. ಏಳು ವರ್ಷ ತುಂಬುವುದರೊಳಗೇ ನೂರು ಹೆಣ್ಣುಮಕ್ಕಳಲ್ಲಿ ಸುಮಾರು 8 ಮಂದಿಗೆ, ಗಂಡುಮಕ್ಕಳಲ್ಲಿ 2 ಮಂದಿಗೆ ಒಮ್ಮೆಯಾದರೂ ಮೂತ್ರದ ಸೋಂಕು ಬಂದಿರುತ್ತದೆ. ರಾತ್ರಿಯ ತೊಂದರೆ ಗಂಡುಮಕ್ಕಳಲ್ಲಿ ಹೆಚ್ಚು, ಹಗಲು ಸೋರುವುದು ಹೆಣ್ಣುಮಕ್ಕಳಲ್ಲಿ ಹೆಚ್ಚು. ಉರಿ ಮತ್ತೆ ಬಂದರೆ ಮೆಡಿಕಲ್ ಸ್ಟೋರಿನ ಮಾತ್ರೆಗೆ ಮೊದಲು ಯಾವ ಬ್ಯಾಕ್ಟೀರಿಯಾ ಇದೆಯೆಂದು ಬೆಳೆಸಿ ನೋಡುವ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿ, ಆಂಟಿಬಯಾಟಿಕ್ ಒಂದು ಗುಳಿಗೆ ಹೊಟ್ಟೆಗೆ ಹೋದ ಮೇಲೆ ಆ ಪರೀಕ್ಷೆ ಸರಿಯಾದ ಉತ್ತರ ಕೊಡುವುದಿಲ್ಲ. ಎರಡು ಮೂರು ಗಂಟೆಗೊಮ್ಮೆ, ಅವಸರವಿಲ್ಲದೆ, ಪೂರ್ತಿ ಖಾಲಿಯಾಗುವವರೆಗೆ ಕೂರಬೇಕು. ಮನೆಯಲ್ಲಿ ಕಮೋಡ್ ಇದ್ದು ಪುಟ್ಟ ಮಕ್ಕಳ ಕಾಲು ನೆಲಕ್ಕೆ ಎಟುಕದಿದ್ದರೆ ಕೆಳಗೊಂದು ಮಣೆ ಇಡಿ.

ತಡಮಾಡದೆ ತೋರಿಸಬೇಕಾದ ಲಕ್ಷಣಗಳೂ ಇವೆ. ಆರು ತಿಂಗಳಾದರೂ ಒಣಗಿದ್ದ ಮಗು ಇದ್ದಕ್ಕಿದ್ದಂತೆ ಮತ್ತೆ ಶುರುಮಾಡಿದರೆ, ಬಹಳ ಬಾಯಾರಿಕೆಯ ಜೊತೆ ತೂಕ ಇಳಿದರೆ ಅದೇ ದಿನ ರಕ್ತದ ಸಕ್ಕರೆ ನೋಡಿಸಬೇಕು, ಮಕ್ಕಳ ಮಧುಮೇಹ ಎಷ್ಟೋ ಸಲ ಹೀಗೆಯೇ ಬಾಗಿಲು ತಟ್ಟುತ್ತದೆ. ಮೂತ್ರದಲ್ಲಿ ರಕ್ತ, ಚಳಿಜ್ವರ, ಗಂಡುಮಗುವಿನ ಧಾರೆ ಎಳೆಯಾಗಿ ತೊಟ್ಟಿಕ್ಕುವುದು, ಹೆಣ್ಣುಮಗುವಿಗೆ ಹಗಲೂ ರಾತ್ರಿ ಬಿಡದೆ ಒಸರುವುದು, ನಡಿಗೆಯಲ್ಲಿ ಬದಲಾವಣೆ, ಸೊಂಟದ ಕೆಳಗೆ ಬೆನ್ನುಮೂಳೆಯ ಮೇಲೆ ಕೂದಲಿನ ಕುಚ್ಚು ಅಥವಾ ಗುಳಿ, ಇವುಗಳಲ್ಲಿ ಒಂದಿದ್ದರೂ ಕಾಯಬಾರದು. ಜೋರಾಗಿ ಗೊರಕೆ ಹೊಡೆಯುವ, ಬಾಯಿಂದ ಉಸಿರಾಡುವ ಮಗುವಾದರೆ ಗಂಟಲಿನ ಟಾನ್ಸಿಲ್, ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ ಊದಿವೆಯೇ ಎಂದು ನೋಡಿಸಿ. ನಿಮಗೆ ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮಕ್ಕಳ ವಿಭಾಗ ಹತ್ತಿರ, ಮೈಸೂರಿನ ಕಡೆಯವರಿಗೆ ಚೆಲುವಾಂಬ ಆಸ್ಪತ್ರೆಯಿದೆ.

ಉತ್ತರ: ಮೈಸೂರಿನವನು

ನನಗೀಗ ಮೂವತ್ತೆರಡು ವರ್ಷ. ಹದಿನೈದನೇ ವರ್ಷದವರೆಗೆ ನನಗೂ ಈ ತೊಂದರೆಯಿತ್ತು. ಇದನ್ನು ಬರೆದು ಹೇಳುತ್ತಿರುವುದು ಇದೇ ಮೊದಲು.

ದಸರಾ ಬಂತೆಂದರೆ ನಮ್ಮ ಮನೆಗೆ ಜಂಬೂಸವಾರಿ ನೋಡಲು ಹಾಸನ, ಚಾಮರಾಜನಗರದ ಕಡೆಯಿಂದ ನೆಂಟರು ಬರುತ್ತಿದ್ದರು. ಹತ್ತು ಹನ್ನೆರಡು ಜನ ಹಜಾರದಲ್ಲಿ ಸಾಲಾಗಿ ಚಾಪೆ ಹಾಸಿ ಮಲಗುತ್ತಿದ್ದೆವು. ಎಲ್ಲರಿಗೂ ಹಬ್ಬ, ನನಗೆ ಆ ಮೂರು ರಾತ್ರಿ ಗೋಡೆಗೆ ಒರಗಿ ಕೂತು ಕಳೆಯುವ ಶಿಕ್ಷೆ. ನಿದ್ದೆ ಬಂದರೆ ತೊಡೆಯನ್ನು ಚಿವುಟಿಕೊಳ್ಳುತ್ತಿದ್ದೆ. ಬೆಳಿಗ್ಗೆ ಅತ್ತೆ ನನ್ನ ಕೆಂಪು ಕಣ್ಣು ನೋಡಿ, ಈ ಹುಡುಗ ರಾತ್ರಿಯೆಲ್ಲ ಓದುತ್ತಾನೆ ಎಂದು ಹೊಗಳುತ್ತಿದ್ದರು. ಶಾಲೆಯ ಪ್ರವಾಸಕ್ಕೆ ಒಂದು ಸಲವೂ ಹೋಗಲಿಲ್ಲ, ಹಣವಿಲ್ಲವೆಂದು ಗೆಳೆಯರಿಗೆ ಸುಳ್ಳು ಹೇಳಿದೆ.

ಪಿಯುಸಿಗೆ ಹಾಸ್ಟೆಲಿಗೆ ಸೇರಬೇಕಾದಾಗ ಅಮ್ಮನೇ ಧೈರ್ಯ ಮಾಡಿ ವಾರ್ಡನ್ ಜೊತೆ ಮಾತನಾಡಿದರು. ಅವರು ಒಂದು ಪ್ರಶ್ನೆಯನ್ನೂ ಕೇಳದೆ ಬಾಗಿಲ ಪಕ್ಕದ ಮಂಚ ಕೊಟ್ಟರು, ಮಾತ್ರೆಯನ್ನು ತಮ್ಮ ಕೋಣೆಯ ಕಪಾಟಿನಲ್ಲಿ ಇಟ್ಟುಕೊಂಡು ದಿನವೂ ಒಂಬತ್ತೂವರೆಗೆ ನಾನು ಹೋಗಿ ನುಂಗಿ ಬರುವ ಏರ್ಪಾಟು ಮಾಡಿದರು. ಕೋಣೆಯ ಮೂವರಿಗೂ ಕೊನೆಯವರೆಗೂ ಗೊತ್ತಾಗಲಿಲ್ಲ. ಮೊದಲ ಮೂರು ತಿಂಗಳಲ್ಲಿ ಎರಡು ಸಲ ಮಾತ್ರ ಒದ್ದೆಯಾಯಿತು, ವೈದ್ಯರು ನಿಧಾನವಾಗಿ ಮಾತ್ರೆ ಇಳಿಸಿದರು, ಆಮೇಲೆ ಬೇಕಾಗಲೇ ಇಲ್ಲ.

ನನಗೆ ಈಗಲೂ ಬೇಸರವಾಗುವುದು ಒದ್ದೆ ಹಾಸಿಗೆಗಲ್ಲ. ಅಂತಹ ಚಿಕಿತ್ಸೆಯೊಂದು ಇದೆಯೆಂದು ಹತ್ತನೇ ವಯಸ್ಸಿನಲ್ಲೇ ಯಾರೂ ಹೇಳಲಿಲ್ಲವಲ್ಲ ಎಂಬುದಕ್ಕೆ. ಅಕ್ಕ, ಸೀಟು ಸಿಕ್ಕಿದರೆ ಬಿಡಬೇಡಿ. ಸೇರುವುದಕ್ಕೆ ಇನ್ನೂ ತಿಂಗಳುಗಳಿವೆ, ಈಗಲೇ ತೋರಿಸಿ. ನೀವು ಕಣ್ಣು ಮುಚ್ಚಿಕೊಂಡದ್ದು ಅವನ ಮೇಲಿನ ಪ್ರೀತಿಯಿಂದಲೇ ಎಂದು ನನಗೆ ಅರ್ಥವಾಗುತ್ತದೆ, ಆದರೂ ಒಂದು ದಿನ ಅವನ ಪಕ್ಕ ಕೂತು ಆ ದುಪ್ಪಟಿಯ ಇನ್ನೊಂದು ತುದಿ ಹಿಡಿಯಿರಿ.

ಉತ್ತರ: ನಿವೃತ್ತ ಶಿಕ್ಷಕಿ, ಶ್ರೀರಂಗಪಟ್ಟಣ

ನಾನು ಮೂವತ್ತೊಂದು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಪಾಠ ಮಾಡಿದವಳು. ನಿಮ್ಮ ಮಗಳ ವಿಷಯಕ್ಕೆ ಮಾತ್ರ ಬರೆಯುತ್ತೇನೆ.

ಅವಳು ಶಾಲೆಯಲ್ಲಿ ಏಕೆ ಹೋಗುವುದಿಲ್ಲ ಎಂದು ಅವಳನ್ನೇ ಕೇಳಿ, ಆದರೆ ಗದರಿಸಿ ಕೇಳಬೇಡಿ. ನಾನಿದ್ದ ಒಂದು ಶಾಲೆಯಲ್ಲಿ ಇನ್ನೂರು ಹೆಣ್ಣುಮಕ್ಕಳಿಗೆ ಮೂರು ಶೌಚಾಲಯಗಳಿದ್ದವು, ಒಂದರ ಚಿಲಕ ಮುರಿದಿತ್ತು, ನಲ್ಲಿಯಲ್ಲಿ ನೀರು ಬೆಳಿಗ್ಗೆ ಮಾತ್ರ ಬರುತ್ತಿತ್ತು, ಬಿಡುವು ಹತ್ತು ನಿಮಿಷ. ಇದನ್ನು ತಪ್ಪಿಸಿಕೊಳ್ಳಲು ಹುಡುಗಿಯರು ಕಂಡುಕೊಂಡ ಉಪಾಯ ನೀರನ್ನೇ ಕುಡಿಯದಿರುವುದು. ಮುಟ್ಟಿನ ದಿನಗಳಲ್ಲಿ ಶಾಲೆಗೇ ಬರುತ್ತಿರಲಿಲ್ಲ. ಬೇಸಿಗೆಯ ಮಧ್ಯಾಹ್ನ ತಲೆಸುತ್ತಿ ಬಿದ್ದ ಹುಡುಗಿಯ ಬಾಟಲಿಯನ್ನು ನಾನು ಎತ್ತಿ ನೋಡಿದಾಗ ಅದು ಮನೆಯಿಂದ ತಂದ ಹಾಗೆಯೇ ಕತ್ತಿನವರೆಗೆ ತುಂಬಿತ್ತು. ಎಲ್ಲ ಶಾಲೆಗಳಲ್ಲೂ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಪ್ರತ್ಯೇಕ ಶೌಚಾಲಯ, ಕುಡಿಯುವ ನೀರು ಇರಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲೇ ಆದೇಶಿಸಿದೆ. ಕಟ್ಟಡಗಳು ಬಂದಿವೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತೊಳೆಯುವವರು ಯಾರು, ನೀರು ಎಲ್ಲಿಂದ ಎಂಬ ಪ್ರಶ್ನೆಗಳು ಬಹಳ ಕಡೆ ಹಾಗೆಯೇ ಉಳಿದಿವೆ. ಮಕ್ಕಳಿಗೆ ನೀರು ಕುಡಿಯಲು ನೆನಪಿಸುವ ವಾಟರ್ ಬೆಲ್ 2019ರಲ್ಲಿ ಕೇರಳದ ಶಾಲೆಗಳಿಂದ ಸುದ್ದಿಯಾಯಿತು. ಅದು ನನಗೆ ಬಹಳ ಹಿಡಿಸಿದ ಪದ್ಧತಿ, ಆದರೆ ಕುಡಿದ ನೀರು ಹೊರಹೋಗಲು ಬಾಗಿಲಿರುವ, ಚಿಲಕವಿರುವ ಜಾಗವೂ ಬೇಕಲ್ಲವೇ?

ಶಿಕ್ಷಕರಾದ ನಮ್ಮ ತಪ್ಪೂ ಇದೆ. ಪಾಠದ ನಡುವೆ ಕೈ ಎತ್ತಿದ ಮಗುವನ್ನು, ಈಗಷ್ಟೇ ಬಿಡುವು ಮುಗಿಯಿತಲ್ಲ ಎಂದು ಎಷ್ಟು ಸಲ ಕೂರಿಸಿದ್ದೇನೋ ನನಗೇ ಲೆಕ್ಕವಿಲ್ಲ. ನಿವೃತ್ತಿಗೆ ಆರು ವರ್ಷ ಇರುವಾಗ ಒಬ್ಬ ಹುಡುಗಿ ಕೂತಲ್ಲೇ ಮಾಡಿಕೊಂಡು, ಮರುದಿನದಿಂದ ಹದಿನೈದು ದಿನ ಶಾಲೆಗೆ ಬರಲಿಲ್ಲ. ಆಮೇಲೆ ನನ್ನ ತರಗತಿಯ ಬಾಗಿಲ ಮೊಳೆಗೆ ಅಂಗೈಯಗಲದ ಎರಡು ಮರದ ಬಿಲ್ಲೆಗಳನ್ನು ದಾರ ಕಟ್ಟಿ ತೂಗುಹಾಕಿದೆ. ಬೇಕಾದವರು ಅದನ್ನು ತೆಗೆದುಕೊಂಡು ಹೋಗಬೇಕು, ಬಂದು ಮತ್ತೆ ತೂಗುಹಾಕಬೇಕು, ನನ್ನನ್ನು ಕೇಳುವಂತಿಲ್ಲ. ಪಾಠ ಕೆಡುತ್ತದೆ ಎಂದು ಸಹೋದ್ಯೋಗಿಗಳು ಹೆದರಿಸಿದರು. ಮೊದಲ ವಾರ ಬಿಲ್ಲೆಗಳು ಮೊಳೆಯಲ್ಲಿ ನಿಲ್ಲಲೇ ಇಲ್ಲ, ಎರಡನೇ ವಾರದಿಂದ ಬೇಕಾದವರು ಮಾತ್ರ ಎದ್ದರು. ಅವಳ ತರಗತಿ ಶಿಕ್ಷಕಿಯ ಬಳಿ ಒಮ್ಮೆ ಮಾತನಾಡಿ, ವೈದ್ಯರ ಒಂದು ಚೀಟಿಯಿದ್ದರೆ ಇನ್ನೂ ಒಳ್ಳೆಯದು.

ಮರುಪ್ರಶ್ನೆ: ಮದ್ದೂರಿನ ತಾಯಿ

ಎಲ್ಲರಿಗೂ ನಮಸ್ಕಾರ. ಮೂರು ವಾರದ ನಂತರ ಬರೆಯುತ್ತಿದ್ದೇನೆ.

ಡಾಕ್ಟರು ಹೇಳಿದಂತೆ ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಗಿನವರೆಗೆ ಅಳೆದೆವು. 90, 120, 110, 140. ಅದಕ್ಕಿಂತ ಹೆಚ್ಚು ಒಂದು ಸಲವೂ ಬರಲಿಲ್ಲ. ಶಾಲೆಯ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರಿಂದ ನಾಲ್ಕೂವರೆಯವರೆಗೆ ನೀರನ್ನು ಮುಟ್ಟುವುದೇ ಇಲ್ಲವಂತೆ, ಮನೆಗೆ ಬಂದು ಎರಡು ಚೊಂಬು ನೀರು, ಮೇಲೊಂದು ಲೋಟ ಟೀ. ಹೊಟ್ಟೆ ಹೋಗುವುದು ಮೂರು ನಾಲ್ಕು ದಿನಕ್ಕೊಮ್ಮೆ, ಅದನ್ನು ಗಮನಿಸಿಯೇ ಇರಲಿಲ್ಲ, ತಾಯಿಯಾಗಿ ನನಗೆ ಬಹಳ ನೋವಾಯಿತು. ಈಗ ರಾಗಿಮುದ್ದೆಯ ಜೊತೆ ದಿನವೂ ಸೊಪ್ಪಿನ ಸಾರು, ಬೆಳಿಗ್ಗೆ ತಿಂಡಿಯಾದ ಮೇಲೆ ಹತ್ತು ನಿಮಿಷ ಕಕ್ಕಸಿನಲ್ಲಿ ಕೂರಿಸುವುದು ಶುರುಮಾಡಿದ್ದೇವೆ.

ಹಿರಿಯರನ್ನು ಕೇಳಿ ಎಂದಿರಿ, ಕೇಳಿದೆ. ನಮ್ಮತ್ತೆ ಅವರೆಕಾಯಿ ಬಿಡಿಸುತ್ತಾ ತಲೆಯೆತ್ತದೆ ಹೇಳಿದರು, "ಅವ್ನಪ್ಪನೂ ಏಳ್ನೇ ಕ್ಲಾಸ್‌ಗಂಟ ಹುಯ್ಕತಿದ್ದ ಕನವ್ವ, ಯಾರ್ಗೂ ಹೇಳ್ಬೇಡ ಅಂತ ಆಣೆ ಹಾಕುಸ್ಕಂಡಿದ್ದ." ಆ ರಾತ್ರಿ ನಮ್ಮ ಯಜಮಾನರು ಮಗನ ಪಕ್ಕದಲ್ಲೇ ಮಲಗಿದರು, ಏನು ಮಾತನಾಡಿಕೊಂಡರೋ ನಾನು ಕೇಳಲಿಲ್ಲ. ಮಗಳನ್ನು ಪರೀಕ್ಷೆ ಮಾಡಿಸಿದೆವು, ಸೋಂಕು ಇದ್ದದ್ದು ನಿಜ, ಸಕ್ಕರೆ ಸರಿಯಾಗಿದೆ. ಅವಳ ತರಗತಿ ಶಿಕ್ಷಕಿ ಮಾತು ಕೇಳಿ ಸ್ಟಾಫಿನವರ ಶೌಚಾಲಯದ ಬೀಗದ ಕೈಯನ್ನು ಹುಡುಗಿಯರಿಗೂ ಕೊಡಲು ಒಪ್ಪಿದ್ದಾರೆ.

ನಲವತ್ತು ಮಕ್ಕಳಲ್ಲಿ ಇಬ್ಬರಿಗೆ ಇರುತ್ತದೆ ಎಂಬುದನ್ನು ಮಗನಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಮ್ ಕ್ಲಾಸಲ್ಲಿ ಇನ್ನೊಬ್ಬ ಯಾರಮ್ಮ?" ಎಂದು ಕೇಳಿದ.

ಒಂದೇ ಅನುಮಾನ. ಮೂರು ವಾರದಲ್ಲಿ ವಾರಕ್ಕೆ ಐದು ಇದ್ದದ್ದು ನಾಲ್ಕಕ್ಕೆ ಇಳಿದಿದೆ, ಅಷ್ಟೇ. ಮಾತ್ರೆ ಈಗಲೇ ಶುರುಮಾಡಿಸಬೇಕೇ?

ಉತ್ತರ: ಮಕ್ಕಳ ವೈದ್ಯ, ಮಂಡ್ಯ

330 ಹಿಡಿಯಬೇಕಾದಲ್ಲಿ 140 ದಾಟುತ್ತಿಲ್ಲ, ಹೊಟ್ಟೆ ನಾಲ್ಕು ದಿನಕ್ಕೊಮ್ಮೆ ಹೋಗುತ್ತಿದೆ ಎಂದ ಮೇಲೆ ಮೊದಲು ಅದನ್ನೇ ಸರಿಪಡಿಸಬೇಕು. ಮೂತ್ರಕೋಶವೇ ಕಡಿಮೆ ಹಿಡಿಯುವ ಮಕ್ಕಳಲ್ಲಿ ಆ ಮಾತ್ರೆಯೊಂದರಿಂದ ಪೂರ್ತಿ ಫಲ ಸಿಗುವುದು ಕಷ್ಟ. ಸೊಪ್ಪು, ಹಣ್ಣು, ನೀರಿನಿಂದ ಮಾತ್ರ ಹಳೆಯ ಮಲಬದ್ಧತೆ ಹೋಗುವುದಿಲ್ಲ, ಮಲವನ್ನು ಮೆತ್ತಗೆ ಮಾಡುವ ಔಷಧಿಯನ್ನು ಎರಡು ಮೂರು ತಿಂಗಳಾದರೂ ವೈದ್ಯರ ಸಲಹೆಯಂತೆ ಕೊಡಬೇಕಾಗುತ್ತದೆ, ಸ್ವಲ್ಪ ಸರಿಹೋದ ತಕ್ಷಣ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು. ಹಗಲಿನಲ್ಲಿ ಎರಡು ಗಂಟೆಗೊಮ್ಮೆ ಹೋಗುವ ರೂಢಿಯಾಗಲಿ. ಎರಡು ತಿಂಗಳ ನಂತರ ಮತ್ತೆ ಅಳೆಯಿರಿ, ಆಗ ಅಲಾರಮ್ಮೋ ಮಾತ್ರೆಯೋ ಎಂದು ನಿರ್ಧರಿಸಬಹುದು. ವಸತಿ ಶಾಲೆ ಜೂನ್‌ನಲ್ಲಿ ಶುರುವಾಗುವುದಾದರೆ ನಿಮಗೆ ಸಮಯವಿದೆ. ಯಾವ ವೈದ್ಯರ ಬಳಿ ಹೋದರೂ ಆ ಅಳತೆಯ ಕಾಗದವನ್ನು ಮಗನ ಕೈಯಲ್ಲೇ ಕೊಟ್ಟು ಕಳುಹಿಸಿ, ಅವನೇ ಓದಿ ಹೇಳಲಿ.